ಸೆಟ್ಟಿಂಗಿಗೊಂದು ಹೆಸರು

ನಮ್ಮೂರಿನಲ್ಲಿ ಬರೆದ ಸಾಲನ್ನು ಸರಿಯಾಗಿ ಮುಗಿಸದೆ ಎದ್ದುಹೋದರೆ ಅದು ಅಲ್ಲಿಗೆ ನಿಲ್ಲುವುದಿಲ್ಲ. ಕೊನೆಯ ಪದವನ್ನೇ ಮತ್ತೆ ಮತ್ತೆ ಬರೆದುಕೊಳ್ಳುತ್ತ ಕಂಪ್ಯೂಟರಿನ ಪರದೆಯಿಂದ ಇಳಿಯುತ್ತದೆ, ಮೇಜು ದಾಟುತ್ತದೆ, ಹೊಸ್ತಿಲು ದಾಟಿ ಬೀದಿಗೆ ಬೀಳುತ್ತದೆ. ಒಂದು ಸಲ ಯಾರದೋ ಮದುವೆಯ ಕರೆಯೋಲೆ ಹೀಗೆ ತಪ್ಪಿಸಿಕೊಂಡು ‘ಬನ್ನಿ ಬನ್ನಿ ಬನ್ನಿ’ ಎಂದು ಊರೆಲ್ಲ ಸುತ್ತಿ ಸ್ಮಶಾನದ ಗೇಟಿನವರೆಗೂ ಹೋಗಿತ್ತು. ಬೀಗರು ಮುನಿಸಿಕೊಂಡರು, ಮದುವೆಯೇನೂ ನಿಲ್ಲಲಿಲ್ಲ. ಧ್ವನಿಯೂ ಅಷ್ಟೇ. ಹಿಡಿದಿಟ್ಟ ಮಾತನ್ನು ಹೊರಗೆ ಬಿಟ್ಟರೆ ಕೊನೆಯ ಪದವನ್ನು ಕೂಗಿಕೊಂಡು ನೆಲದ ಮೇಲೆ ಹರಿಯುತ್ತದೆ. ಬೆಳಿಗ್ಗೆ ಕೆಳಗೇರಿಯ ಹೆಂಗಸರು ಪೊರಕೆ, ಒದ್ದೆ ಬಟ್ಟೆ ಹಿಡಿದು ಬಂದು ಇಡೀ ಊರಿನ ಸಾಲುಗಳನ್ನು ಗುಡಿಸಿ ಒರೆಸಿ ಹೋಗುತ್ತಾರೆ. ಇದು ನಮಗೆ ದೊಡ್ಡ ವಿಷಯವಲ್ಲ. ಬೇರೆ ಊರುಗಳಲ್ಲಿ ಸೊಳ್ಳೆ ಇರುವ ಹಾಗೆ ನಮ್ಮಲ್ಲಿ ಇದು.

ಕಷ್ಟವಿದ್ದದ್ದು ಸಾಲು ಮುಗಿಸುವ ರೀತಿಯಲ್ಲಿ. ಮೇಗೇರಿಯವರು ಸಾಲಿನ ತುದಿಗೆ ಕೆಳಮುಖವಾಗಿ ಒಂದು ಗೆರೆ ಹಾಕುತ್ತಾರೆ, ಅಷ್ಟೇ. ಕೆಳಗೇರಿಯವರು ಎರಡು ಹಾಕುತ್ತಾರೆ, ಹಿಂದಕ್ಕೊಂದು, ಕೆಳಕ್ಕೊಂದು. ಇದಕ್ಕೆ ಕಾರಣ ಮೇಗೇರಿಯವರೇ. ಅವರು ಬೇಡವೆಂದು ಎಸೆದ ಹಳೆಯ ಟೈಪ್‌ರೈಟರುಗಳ ಮೇಲೆ ನಮ್ಮ ಕೆಳಗೇರಿಯವರು ಬರೆಯಲು ಕಲಿತದ್ದು. ಆ ಯಂತ್ರದಲ್ಲಿ ಸಾಲು ಮುಗಿದರೆ ಮೊದಲು ಅದರ ಕೈ ಹಿಡಿದು ಹಿಂದಕ್ಕೆ ತಳ್ಳಬೇಕು, ಆಮೇಲೆ ಕಾಗದ ಏರಿಸಬೇಕು, ಎರಡು ಕೆಲಸ. ನಮ್ಮವರು ಎರಡನ್ನೂ ಕಲಿತರು, ಉಳಿಸಿಕೊಂಡರು. ಅಷ್ಟರಲ್ಲಿ ಮೇಗೇರಿಗೆ ಹೊಸ ಯಂತ್ರಗಳು ಬಂದು ಒಂದೇ ಗೆರೆ ಸಾಕಾಯಿತು, ಎರಡು ಗೆರೆ ಹಾಕುವವರು ದಡ್ಡರಾದರು. ಕೆಳಗೇರಿಯವರ ಬರಹವನ್ನು ಮೇಗೇರಿಯಲ್ಲಿ ತೆರೆದರೆ ಪ್ರತಿ ಸಾಲಿನ ತುದಿಗೂ ಒಂದು ಕರಿ ಗಂಟು ಅಂಟಿಕೊಂಡಿರುತ್ತದೆ. ಮೇಗೇರಿಯವರದನ್ನು ಕೆಳಗೇರಿಯಲ್ಲಿ ತೆರೆದರೆ ಸಾಲು ಮುಗಿಯುವುದೇ ಇಲ್ಲ, ನೇರ ಬೀದಿಗೆ. ಹಾಗಾಗಿ ಒಬ್ಬರದು ಇನ್ನೊಬ್ಬರು ಓದುತ್ತಿದ್ದದ್ದು ಕಡಿಮೆ.

ನಾನು ಹುಟ್ಟಿದ್ದು ಕೆಳಗೇರಿ, ಮದುವೆಯಾಗಿ ಹೋದದ್ದು ಮೇಗೇರಿ. ಹೋದದ್ದು ಎನ್ನುವುದು ಮಾತಿಗೆ. ಅತ್ತೆ ಹೊಸ್ತಿಲಲ್ಲೇ ನಿಂತು, ‘ನಮ್ಮ ಹುಡುಗ ಎಲ್ಲಿ ಬೇಕಾದ್ರೂ ಇರ್ಲಿ, ನೀನು ಮಾತ್ರ ಈ ಕಡೆ ಬರ್ಬೇಡ’ ಅಂದರು. ಎರಡು ಕೇರಿಯ ನಡುವಿನ ಕಮಾನಿನ ಕೆಳಗೆ ನಾನೂ ನನ್ನ ಗಂಡನೂ ಒಂದು ಹೋಟೆಲು ಹಾಕಿದೆವು. ಚೆಲುವಮ್ಮನ ಹೋಟೆಲು ಅಂದರೆ ಈಗ ಎಲ್ಲರಿಗೂ ಗೊತ್ತು. ಮಗಳು ರೇವತಿ ಅಲ್ಲೇ, ಇಡ್ಲಿ ಪಾತ್ರೆಯ ಪಕ್ಕದಲ್ಲೇ ಬೆಳೆದಳು. ಗಿರಾಕಿಗಳು ಏನು ಬೇಕು ಅಂದರೋ ಅದನ್ನು ಒಳಗೆ ಕೂಗಿ ಹೇಳುವುದು ಅವಳ ಕೆಲಸ. ಯಾರೂ ಒಪ್ಪಿಸಿದ್ದಲ್ಲ, ತಾನೇ ಹಚ್ಚಿಕೊಂಡದ್ದು. ಅವಳು ಬರೆಯುವಾಗ ಒಂದು ಸಾಲಿಗೆ ಒಂದು ಗೆರೆ, ಇನ್ನೊಂದು ಸಾಲಿಗೆ ಎರಡು ಗೆರೆ, ಮನಸ್ಸು ಬಂದ ಹಾಗೆ ಹಾಕುತ್ತಿದ್ದಳು. ಶಾಲೆಯಲ್ಲಿ ಬೈಸಿಕೊಳ್ಳುತ್ತಿದ್ದಳು.

ಎಂಟು ತುಂಬುವ ಮೊದಲೇ ಜ್ವರ ಬಂದು ಹೋಗಿಬಿಟ್ಟಳು. ಗಂಡ ಸ್ವಲ್ಪ ಕಾಲ ನನ್ನ ಜೊತೆಗಿದ್ದು, ಆಮೇಲೆ ಅಮ್ಮನ ಮನೆಗೆ ಹೋದ. ಈಗಲೂ ಅಲ್ಲೇ ಇದ್ದಾನೆ. ಕಮಾನಿನ ಕೆಳಗೆ ನಡೆಯುವಾಗ ಮುಖ ಆಚೆ ತಿರುಗಿಸುತ್ತಾನೆ, ನನಗೂ ಅದೇ ಹಿತ. ನನಗೆ ಉಳಿದದ್ದು ಒಂದು ಧ್ವನಿ. ಹಬ್ಬದ ದಿನದ ಗದ್ದಲದಲ್ಲಿ ಯಾರೋ ಹಿಡಿದಿಟ್ಟದ್ದು: ‘ಅಮ್ಮಾ, ಎರಡು ಇಡ್ಲಿ ಒಂದು ವಡೆ, ಚಟ್ನಿ ಜಾಸ್ತಿ, ಸಾಂಬಾರ್ ಬೇರೆ ಬಟ್ಲಲ್ಲಿ, ಮೇಷ್ಟ್ರಿಗೆ ಸಕ್ಕರೆ ಕಮ್ಮಿ ಕಾಫಿ, ಬೇಗಾ!’ ದಿನಾ ಬೆಳಿಗ್ಗೆ ಒಲೆ ಹಚ್ಚುವ ಮೊದಲು ಅದನ್ನು ಒಮ್ಮೆ ಕೇಳುತ್ತಿದ್ದೆ. ಅದಿಲ್ಲದೆ ನನ್ನ ಕೈ ಹಿಟ್ಟಿಗೆ ಹೋಗುತ್ತಿರಲಿಲ್ಲ.

ಆ ಧ್ವನಿ ಇದ್ದದ್ದು ಉಗ್ರಾಣದಲ್ಲಿ. ಊರಿನವರ ಬರಹ, ಫೋಟೋ, ಧ್ವನಿ ಎಲ್ಲವನ್ನೂ ಇಡುವ ತಂತ್ರಾಂಶವನ್ನು ನಾವು ಉಗ್ರಾಣ ಎನ್ನುತ್ತೇವೆ. ಇಟ್ಟದ್ದನ್ನು ತಿದ್ದಿದರೆ ಹಳೆಯದೂ ಇರುತ್ತದೆ, ಹೊಸದೂ ಇರುತ್ತದೆ. ನೆನ್ನೆಯದು ಬೇಕೆಂದರೆ ನೆನ್ನೆಯದನ್ನೇ ಕೊಡುತ್ತದೆ. ಅದರ ಹೊರಗೆ ಏನನ್ನೂ ಉಳಿಸಿಕೊಳ್ಳಲಾಗದು, ಹೊರಗಿಟ್ಟದ್ದೆಲ್ಲ ಹರಿದು ಬೀದಿ ಸೇರುತ್ತದೆ. ಉಗ್ರಾಣವನ್ನು ನೋಡಿಕೊಳ್ಳುವವಳು ಅಂಬುಜಾಕ್ಷಿ. ಮೇಗೇರಿಯವಳು, ಕನ್ನಡಕದ ಹಿಂದೆ ಯಾವಾಗಲೂ ನಿದ್ದೆಗೆಟ್ಟ ಕಣ್ಣು, ಮಾತು ಕಮ್ಮಿ. ಅವಳ ಕೈ ಕಟ್ಟಿಹಾಕಿದ್ದು ಒಂದು ಕಟ್ಟಳೆ. ಎರಡೂ ಕೇರಿಯವರು ಒಪ್ಪಿದ ಹೆಸರಿಲ್ಲದೆ ಉಗ್ರಾಣದಲ್ಲಿ ಹೊಸದೇನನ್ನೂ ಮಾಡುವಂತಿಲ್ಲ. ಹೆಸರು ಮೊದಲು, ಕೆಲಸ ಆಮೇಲೆ. ಹೆಸರಿಡುವುದಕ್ಕೆ ಒಂದು ಸಮಿತಿ ಇದೆ, ಸಮಿತಿ ಸೇರುವುದು ನನ್ನ ಹೋಟೆಲಿನಲ್ಲಿ. ನನ್ನ ಮೇಲಿನ ಪ್ರೀತಿಯಿಂದಲ್ಲ. ಕಮಾನಿನ ಕೆಳಗಿನ ಜಾಗ ಯಾರ ಕೇರಿಯದೂ ಅಲ್ಲ, ಅದಕ್ಕೆ.

ಹೋದ ಮಳೆಗಾಲದಲ್ಲಿ ತಪ್ಪಿಸಿಕೊಂಡ ಸಾಲುಗಳು ಚರಂಡಿಗಳಲ್ಲಿ ಕಟ್ಟಿಕೊಂಡು ನೀರು ಮೇಗೇರಿಯ ಮನೆಗಳಿಗೆ ನುಗ್ಗಿತು. ಕೆಳಗೇರಿಗೆ ನುಗ್ಗಿದಾಗ ಆಗದ ಅರಿವು ಆಗ ಆಯಿತು. ಉಗ್ರಾಣವೇ ಗೆರೆಗಳನ್ನು ನೋಡಿಕೊಳ್ಳಲಿ ಎಂದು ತೀರ್ಮಾನಿಸಿದರು. ಕೆಳಗೇರಿಯಿಂದ ಒಳಗೆ ಬರುವಾಗ ಒಂದು ಗೆರೆ ತೆಗೆಯುವುದು, ಹೊರಗೆ ಹೋಗುವಾಗ ಸೇರಿಸುವುದು. ಹೀಗೆ ಮಾಡಲು ಒಂದು ಸೆಟ್ಟಿಂಗು, ಅದಕ್ಕೊಂದು ಹೆಸರು. ಸಮಿತಿ ಕೂತಿತು.

ಸಮಿತಿಯ ಅಧ್ಯಕ್ಷರು ಶೇಷಗಿರಿ ಮೇಷ್ಟ್ರು, ನಿವೃತ್ತ ಹೆಡ್‌ಮಾಸ್ಟರು, ಸಕ್ಕರೆ ಕಮ್ಮಿ ಕಾಫಿಯವರು. ಕೆಳಗೇರಿಯ ಪರವಾಗಿ ಮಾತಾಡುವವಳು ನನ್ನ ಚಿಕ್ಕವ್ವ ಬೋರವ್ವ, ಬೀದಿ ಗುಡಿಸುವವರ ಮುಖ್ಯಸ್ಥೆ. ‘ತಿದ್ದುಪಡಿ ಅಂತ ಇಡೋಣ’ ಅಂದರು ಮೇಷ್ಟ್ರು. ‘ತಿದ್ದಕ್ಕೆ ನಾವೇನು ತಪ್ಪು ಮಾಡಿದ್ವಾ ಸ್ವಾಮಿ?’ ಅಂದಳು ಬೋರವ್ವ. ‘ಹಾಗಾದ್ರೆ ಏಕರೂಪ.’ ‘ಏಕ ಅಂದ್ರೆ ನಿಮ್ದೇ ಆಯ್ತಲ್ಲ. ಎರಡು ಗೆರೆ ಅಂತ ಇಡಿ.’ ‘ಛೆ, ಅದೇನು ಹೆಸರು!’ ಒಂದು ವಾರ ‘ಹೊಂದಾಣಿಕೆ’ ನಡೆಯಿತು, ಯಾರು ಯಾರಿಗೆ ಹೊಂದಿಕೊಳ್ಳಬೇಕು ಎಂದು ಅದೂ ಬಿತ್ತು. ಅಂಬುಜಾಕ್ಷಿ ಮೆಲ್ಲಗೆ, ‘ಸೆಟ್ಟಿಂಗು ಏನು ಮಾಡತ್ತೋ ಹೆಸರು ಅದನ್ನೇ ಹೇಳಿದ್ರೆ ಒಳ್ಳೇದು. ಬರುವಾಗ-ಒಂದು-ಹೋಗುವಾಗ-ಎರಡು ಅಂತ’ ಅಂದಳು. ಎರಡೂ ಕೇರಿಯವರು ಹೊಟ್ಟೆ ಹಿಡಿದುಕೊಂಡು ನಕ್ಕರು. ಅವರು ಒಟ್ಟಿಗೆ ನಕ್ಕಿದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ಕೊನೆಗೆ ಮೇಷ್ಟ್ರು ‘ಕ್ಷೇಮ’ ಅಂದರು. ಎಲ್ಲರೂ ತಲೆಯಾಡಿಸಿದರು. ಕಾಗದದ ಮೊದಲ ಸಾಲಿನಲ್ಲಿ ನಾವೆಲ್ಲ ಬರೆಯುವ ಮಾತು, ಮನೆ ಹೊತ್ತಿ ಉರಿಯುತ್ತಿದ್ದರೂ ಬರೆಯುವ ಮಾತು. ಅದರಲ್ಲಿ ಗೆರೆಯೂ ಇಲ್ಲ, ಕೇರಿಯೂ ಇಲ್ಲ, ಅರ್ಥವೂ ಇಲ್ಲ. ಆಕ್ಷೇಪಿಸಲು ಯಾರಿಗೂ ಏನೂ ಸಿಗಲಿಲ್ಲ. ಅಂಬುಜಾಕ್ಷಿ ಒಂದೇ ಸಂಜೆಯಲ್ಲಿ ಸೆಟ್ಟಿಂಗು ಮಾಡಿದಳು. ಮಾರನೆಯ ಬೆಳಿಗ್ಗೆ ಪ್ರತಿ ಮನೆಯ ಪರದೆಯ ಮೇಲೂ ಒಂದು ಪ್ರಶ್ನೆ ಬಂತು. ‘ಕ್ಷೇಮ: ಹೌದು, ಬೇಡ.’

ನಾನು ‘ಬೇಡ’ ಒತ್ತಿದೆ. ಅದಕ್ಕೆ ಮೊದಲು ಅಂಬುಜಾಕ್ಷಿಯನ್ನು ಕರೆದು ಕಾಫಿ ಕೊಟ್ಟು ಕೇಳಿದ್ದೆ, ‘ನನ್ನ ಮಗೀನ ದನಿ ಇದೆಯಲ್ಲಮ್ಮ, ಅದಕ್ಕೇನಾಗ್ತದೆ?’ ಅವಳು ಲೋಟ ಕೆಳಗಿಟ್ಟಳು. ‘ಧ್ವನಿಯಲ್ಲಿ ಸಾಲು ಇರಲ್ಲಕ್ಕ. ಆದ್ರೆ ಸಾಲು ಮುಗಿದ ಹಾಗೆ ಕಾಣೋ ಜಾಗ ಅಲ್ಲಲ್ಲಿ ಇರ್ತವೆ. ಉಗ್ರಾಣಕ್ಕೆ ಅದು ಬರಹನೋ ಧ್ವನಿನೋ ಗೊತ್ತಾಗಲ್ಲ. ಗೆರೆ ಅಂದ್ಕೊಂಡು ಕಿತ್ತುಬಿಡತ್ತೆ.’ ‘ಕಿತ್ತರೆ?’ ‘ಸೀರೆಯಿಂದ ಎಳೆ ಕಿತ್ತ ಹಾಗೆ. ಮತ್ತೆ ಸೇರಿಸಕ್ಕಾಗಲ್ಲ.’ ‘ಇದನ್ನ ಸಭೆಲಿ ಹೇಳ್ಲಿಲ್ವಾ ನೀನು?’ ‘ಹೇಳ್ದೆ. ಆಗ ಅವರು ಹೊಂದಾಣಿಕೆ ಅಂತ ಜಗಳ ಆಡ್ತಿದ್ರು.’

ಹಾಗಾಗಿ ನಾನು ಬೇಡ ಅಂದೆ. ಊರಿನಲ್ಲಿ ಬೇಡ ಅಂದವಳು ನಾನೊಬ್ಬಳೇ. ತಿದ್ದುಪಡಿ ಬೇಡ ಅಂದಿದ್ದರೆ ಹಟಮಾರಿ ಅನ್ನುತ್ತಿದ್ದರು, ಅಷ್ಟಕ್ಕೇ ಬಿಡುತ್ತಿದ್ದರು. ಕ್ಷೇಮ ಬೇಡ ಅಂದವಳನ್ನು ಏನನ್ನುವುದು? ಹಾಲಿನವನು ಕ್ಯಾನು ಇಳಿಸುತ್ತ, ‘ಯಾಕಕ್ಕ, ಊರಿನ ಕ್ಷೇಮ ನಿನಗೆ ಬೇಡ್ವಂತೆ?’ ಅಂದ. ಇಡ್ಲಿ ತಿನ್ನಲು ಬಂದವರು ತಟ್ಟೆ ಹಿಡಿದುಕೊಂಡೇ ನನಗೆ ಬುದ್ಧಿ ಹೇಳಿದರು. ಬಸುರಿ ಹೆಂಗಸೊಬ್ಬಳು ಬಾಗಿಲವರೆಗೆ ಬಂದು, ನನ್ನನ್ನು ನೋಡಿ, ಹೊಟ್ಟೆಯ ಮೇಲೆ ಸೆರಗು ಎಳೆದುಕೊಂಡು ಹಿಂದಕ್ಕೆ ಹೋದಳು. ಮಗುವನ್ನು ಕಳೆದುಕೊಂಡವಳು, ಗಂಡ ಬಿಟ್ಟವಳು, ಈಗ ಊರಿನ ಒಳ್ಳೆಯದೂ ಬೇಡ ಅನ್ನುವವಳು. ಒಂದು ಹೆಸರಿನಿಂದ ಎಷ್ಟು ಕೆಲಸ ಆಗುತ್ತದೆ ಎಂದು ನನಗೆ ಆಗ ಗೊತ್ತಾಯಿತು. ಉರಿದುಹೋಯಿತು. ಆದರೂ ನಾನು ಸೆಟ್ಟಿಂಗು ಬದಲಿಸಲಿಲ್ಲ. ದಿನಾ ಬೆಳಿಗ್ಗೆ ರೇವತಿ ‘ಬೇಗಾ!’ ಅನ್ನುತ್ತಿದ್ದಳು, ನಾನು ಒಲೆ ಹಚ್ಚುತ್ತಿದ್ದೆ.

ಯುಗಾದಿ ಹತ್ತಿರ ಬಂತು. ಹೊಸ ಬರಹಗಳು ಹರಿಯುವುದು ನಿಂತಿತ್ತು, ಹಳೆಯವು ಮಾತ್ರ ತೆರೆದಾಗಲೆಲ್ಲ ಬೀದಿಗೆ ಬೀಳುತ್ತಿದ್ದವು. ಮೇಷ್ಟ್ರಿಗೆ ಇನ್ನೊಂದು ಯೋಚನೆ ಹೊಳೆಯಿತು. ಉಗ್ರಾಣದಲ್ಲಿ ಮೊದಲ ದಿನದಿಂದ ಇರುವುದನ್ನೆಲ್ಲ ಕ್ಷೇಮದ ಮೂಲಕ ಒಮ್ಮೆ ಹಾಯಿಸಿ, ಹಳೆಯ ಪ್ರತಿಗಳನ್ನು ತೆಗೆದುಹಾಕುವುದು. ಹಬ್ಬಕ್ಕೆ ಮನೆ ತೊಳೆದ ಹಾಗೆ. ಮುಹೂರ್ತವನ್ನೂ ಇಡಿಸಿದರು, ಯುಗಾದಿಯ ಬೆಳಿಗ್ಗೆ ಸೂರ್ಯ ಹುಟ್ಟುವ ಹೊತ್ತಿಗೆ. ಅಂಬುಜಾಕ್ಷಿ ಓಡಿಬಂದಳು. ‘ಅಕ್ಕಾ, ನೀವು ಬೇಡ ಅಂದಿದ್ದು ನಿಮ್ಮ ಮನೆಗೆ ಮಾತ್ರ. ಉಗ್ರಾಣದ ಒಳಗೆ ಅದು ನಡೆಯಲ್ಲ.’

ಏನೂ ದಾರಿ ಇಲ್ಲವಾ ಎಂದು ಕೇಳಿದೆ. ‘ಇದೆ. ಇನ್ನೊಂದು ಸೆಟ್ಟಿಂಗು ಮಾಡ್ಬೇಕು. ಒಂದೊಂದು ವಸ್ತುವಿಗೂ ಗುರುತು ಹಾಕೋದು, ಇದು ಬರಹ ಅಲ್ಲ, ಇದಕ್ಕೆ ಕೈ ಹಾಕ್ಬಾರ್ದು ಅಂತ. ನನಗೆ ಅರ್ಧ ಗಂಟೆ ಕೆಲಸ. ಆದ್ರೆ...’ ‘ಹೆಸರು ಬೇಕು’ ಅಂದೆ ನಾನು. ಅವಳು ಹೂಂ ಅಂದಳು.

ಮೇಷ್ಟ್ರ ಮನೆಯ ಗೇಟಿನ ಹೊರಗೆ ನಿಂತು ಕೈ ಮುಗಿದು ಸಭೆ ಕರೆಸಿದೆ. ಯುಗಾದಿಯ ಹಿಂದಿನ ಮಧ್ಯಾಹ್ನ ಎಲ್ಲರೂ ಬಂದರು. ಹಬ್ಬದ ಕೆಲಸ ಬಿಟ್ಟು ಬಂದಿದ್ದೇವೆ ಎಂದು ಮುಖದಲ್ಲೇ ಬರೆದುಕೊಂಡು ಬಂದಿದ್ದರು. ಅಂಬುಜಾಕ್ಷಿ ಎದ್ದು ನಿಂತು ಸೆಟ್ಟಿಂಗು ಏನು ಮಾಡುತ್ತದೆ ಎಂದು ವಿವರಿಸಿದಳು. ಈ ಸಲ ನಗುವುದು ಬೇಡ ಎಂದು ಚಿಕ್ಕ ಹೆಸರನ್ನೇ ಯೋಚಿಸಿಕೊಂಡು ಬಂದಿದ್ದಳು. ‘ಮುಟ್ಟಬೇಡ’ ಅಂದಳು. ‘ಅದು ಮಾಡೋದು ಅಷ್ಟೇ. ಈ ಫೋಟೋ ಮುಟ್ಟಬೇಡ, ಈ ಧ್ವನಿ ಮುಟ್ಟಬೇಡ.’ ಮೇಷ್ಟ್ರು, ‘ಚೆನ್ನಾಗಿದೆ, ಸುಲಭವಾಗಿದೆ’ ಅಂದರು. ಮೇಗೇರಿಯವರೆಲ್ಲ ಆಗಲೇ ಚಪ್ಪಲಿ ಹುಡುಕುತ್ತಿದ್ದರು.

ಕೆಳಗೇರಿಯ ಬೆಂಚಿನಲ್ಲಿ ಬೋರವ್ವ ಕೂತಲ್ಲೇ ಹೇಳಿದಳು, ‘ಆ ಮಾತು ಬ್ಯಾಡ.’ ‘ಯಾಕಮ್ಮ?’ ‘ನಿಮಗೆ ಮರೆತಿರಬೋದು ಸ್ವಾಮಿ. ನಿಮ್ಮ ದೊಡ್ಡೋರು ಮೇಗೇರಿ ಬಾವಿ ಕಟ್ಟೆ ಮ್ಯಾಲೆ ಅದನ್ನ ಬರೆದಿದ್ರು. ಬರೆದು ಗೆರೆ ಹಾಕದೆ ಬಿಟ್ಟಿದ್ರು, ಬೇಕೂ ಅಂತ. ಅದು ಮುಟ್ಟಬೇಡ ಮುಟ್ಟಬೇಡ ಅಂತ ಬಾವಿಯಿಂದ ಇಳಿದು ನಮ್ಮ ಕೇರಿಗೆ ಬಂತು. ಮನೆ ಮನೆ ಬಾಗ್ಲಿಗೂ ಬಂತು. ನಮ್ಮಕ್ಕ, ಇವಳ ಅವ್ವ, ಬಸುರಿ ಆಗಿದ್ಲು. ಮಂಡಿ ಊರ್ಕಂಡು ದಿನಾ ಹೊಸ್ತಿಲು ಒರೆಸೋಳು. ಒರೆಸಿದ್ರೆ ಮತ್ತೆ ಬರೋದು. ಆಗ ಒಬ್ರೂ ನಮಗೆ ಪೊರಕೆ ಹಿಡಿದು ಬರ್ಲಿಲ್ಲ.’

ಅಂಬುಜಾಕ್ಷಿಗೆ ಇದು ಗೊತ್ತಿರಲಿಲ್ಲ, ಅವಳಿಗೆ ಯಾರೂ ಹೇಳಿರಲಿಲ್ಲ. ಮೇಷ್ಟ್ರು ಗಂಟಲು ಸರಿಮಾಡಿಕೊಂಡರು. ‘ಅದೆಲ್ಲ ಈಗ ಎಲ್ಲಿದೆ ಬೋರವ್ವ? ಹಳೇ ಕಥೆ. ಅರ್ಥ ಚೆನ್ನಾಗಿದ್ದರೆ ಸಾಕಲ್ವಾ. ಆಕ್ಷೇಪಣೆ ಇರೋದು ನಿಂದು, ಧ್ವನಿ ಇರೋದು ಚೆಲುವಮ್ಮಂದು. ಚೆಲುವಮ್ಮನೇ ಹೇಳ್ಲಿ.’ ಎಲ್ಲರ ತಲೆಯೂ ನನ್ನ ಕಡೆ ತಿರುಗಿತು. ಎಂಥ ಉಪಾಯ! ಕೂಸನ್ನು ಉಳಿಸಿಕೊಳ್ಳಬೇಕೋ, ಅವ್ವನ ಮಾನ ಉಳಿಸಬೇಕೋ ನೀನೇ ಆರಿಸಿಕೋ ಎಂದು ನನ್ನ ಎದುರಿಗಿಟ್ಟು, ತಾವು ಕಾಫಿ ಲೋಟ ಹಿಡಿದು ಕೂತರು.

ನಾನು ಬೋರವ್ವನ ಮುಖ ನೋಡಿದೆ. ಅವಳು ನೆಲ ನೋಡುತ್ತಿದ್ದಳು. ‘ನೀನು ಹೂಂ ಅಂದ್ರೂ ನಾನು ಸಿಟ್ಟಾಗಾಕಿಲ್ಲ ಕಣವ್ವ’ ಅಂದಳು, ನನಗೆ ಮಾತ್ರ ಕೇಳುವಷ್ಟು. ಅವಳು ಹಾಗನ್ನದಿದ್ದರೆ ಹೂಂ ಅನ್ನುತ್ತಿದ್ದೆನೋ ಏನೋ. ನನ್ನವ್ವನ ಮಂಡಿಯ ಮೇಲೆ ಕಪ್ಪು ಕಟ್ಟಿದ್ದು ಸಾಯುವವರೆಗೂ ಹೋಗಲಿಲ್ಲ. ಆ ಪದವನ್ನು ಪ್ರತಿ ಮನೆಯಲ್ಲೂ, ಪ್ರತಿ ದಿನ, ನನ್ನ ಮಗಳ ನೆಪದಲ್ಲಿ ಜನ ಆಡುವುದು ನನ್ನಿಂದ ಸಹಿಸಲಾಗುವುದಲ್ಲ. ‘ಬೇರೆ ಏನಾದ್ರೂ ಇಡಿ’ ಅಂದೆ. ‘ಏನಾದ್ರೂ. ಬೇಕಾದ್ರೆ ರೇವತಿ ಅಂತ ಇಡಿ. ಅವಳಿಗೋಸ್ಕರ ತಾನೇ ಮಾಡ್ತಿರೋದು.’

ಎಲ್ಲರೂ ಒಟ್ಟಿಗೆ ಮಾತಾಡಿದರು. ಸತ್ತವರ ಹೆಸರು, ಅದೂ ಹಬ್ಬದ ಹಿಂದಿನ ದಿನ, ಶುಭವಲ್ಲ ಅಂದರು ಮೇಷ್ಟ್ರು. ಸೆಟ್ಟಿಂಗಿಗೆ ಮನುಷ್ಯರ ಹೆಸರಿಟ್ಟರೆ ಘನತೆ ಇರುವುದಿಲ್ಲ ಅಂದ ಇನ್ನೊಬ್ಬ. ಕೆಳಗೇರಿಯ ಬೆಂಚಿನಿಂದ ಒಬ್ಬ, ‘ಆ ಹೆಸರು ಇಟ್ಟೋರು ಯಾರು? ಅಪ್ಪನ ಕಡೆಯೋರ ಹೆಸರಲ್ವಾ?’ ಅಂದ. ಮೇಗೇರಿಯ ಒಬ್ಬ ಥಟ್ಟನೆ, ‘ನಮ್ಮ ಕಡೆ ಆ ಮಗೂನ ಯಾರೂ ಸೇರಿಸ್ಕೊಂಡೇ ಇಲ್ಲವಲ್ಲ’ ಅಂದ. ನನ್ನ ಮಗಳು ಯಾವ ಕೇರಿಯವಳು ಎಂದು ನನ್ನ ಹೋಟೆಲಿನಲ್ಲಿ, ನನ್ನ ಬೆಂಚಿನ ಮೇಲೆ ಕೂತು, ನನ್ನ ಕಾಫಿ ಕುಡಿಯುತ್ತ ಚರ್ಚೆ ಮಾಡಿದರು. ಬೋರವ್ವ ಕೂಗಾಡಿ ಎದ್ದು ಹೋದಳು. ಸಭೆ ಮುರಿಯಿತು. ‘ಹಬ್ಬ ಕಳೀಲಿ, ನಿಧಾನವಾಗಿ ಯೋಚಿಸೋಣ’ ಅಂದರು ಮೇಷ್ಟ್ರು. ‘ಹಬ್ಬಕ್ಕೇ ಅಲ್ವಾ ತೊಳೆಯೋದು? ಮುಂದಕ್ಕೆ ಹಾಕಿ’ ಅಂದೆ. ‘ಮುಹೂರ್ತ ಇಟ್ಟಾಗಿದೆ ಕಣಮ್ಮ. ಒಬ್ಬರಿಗೋಸ್ಕರ ಮುಹೂರ್ತ ಬದಲಾಯಿಸಕ್ಕಾಗತ್ತಾ?’ ಅಂದರು, ನನಗೆ ತಿಳಿವಳಿಕೆ ಹೇಳುವ ದನಿಯಲ್ಲಿ.

ಉಗ್ರಾಣದಿಂದ ಧ್ವನಿಯನ್ನು ಹೊರಗೆ ತೆಗೆದುಬಿಡಲೇ ಎಂದು ಯೋಚಿಸಿದೆ. ತೆಗೆದರೆ ಅದು ‘ಬೇಗಾ ಬೇಗಾ’ ಎನ್ನುತ್ತ ಬೀದಿಗೆ ಇಳಿಯುತ್ತದೆ, ಬೆಳಿಗ್ಗೆ ಪೊರಕೆ ಬರುತ್ತದೆ. ನನ್ನ ಮಗುವಿನ ಮೇಲೆ ಪೊರಕೆ ಆಡುವುದನ್ನು ನೆನೆದು ಕೈ ಬರಲಿಲ್ಲ. ಅಂಬುಜಾಕ್ಷಿ ಮೇಷ್ಟ್ರ ಮನೆಗೂ ಸಮಿತಿಯ ಉಳಿದವರ ಮನೆಗಳಿಗೂ ಕತ್ತಲಾಗುವವರೆಗೆ ಓಡಾಡಿದಳು. ಯಾರೂ ಬಾಗಿಲು ಹಾಕಿಕೊಂಡಿರಲಿಲ್ಲ, ಯಾರೂ ಇಲ್ಲ ಅನ್ನಲಿಲ್ಲ. ಹಬ್ಬ ಕಳೆಯಲಿ ಅಂದರು, ಅಷ್ಟೇ.

ಯುಗಾದಿಯ ಬೆಳಿಗ್ಗೆ ಊರು ಎಷ್ಟು ಚೊಕ್ಕವಾಗಿತ್ತೆಂದರೆ ಕಣ್ಣು ಕುಕ್ಕುತ್ತಿತ್ತು. ಗೋಡೆಗಳ ಮೇಲೆ ಒಂದು ಅಕ್ಷರವಿಲ್ಲ. ಚರಂಡಿಯಲ್ಲಿ ನೀರು ಮಾತ್ರ ಹರಿಯುತ್ತಿತ್ತು. ಜನ ಹೊಸ ಬಟ್ಟೆ ಹಾಕಿಕೊಂಡು ಎರಡೂ ಕೇರಿಗಳಲ್ಲಿ ನಡೆದಾಡಿದರು. ನಾನು ಒಲೆಯ ಮುಂದೆ ಕೂತು ಧ್ವನಿ ಹಾಕಿದೆ. ‘ಅಮ್ಮಾ’ ಅಂದಳು. ಆಮೇಲೆ ಡಬ್ಬದೊಳಗೆ ಕಲ್ಲು ಅಲ್ಲಾಡಿಸಿದಂಥ ಸದ್ದು. ಆಮೇಲೆ ‘ಎರ’. ಮತ್ತೆ ಕಲ್ಲು. ಇಡ್ಲಿ ಇಲ್ಲ, ವಡೆ ಇಲ್ಲ, ಚಟ್ನಿ ಇಲ್ಲ, ಮೇಷ್ಟ್ರ ಸಕ್ಕರೆಯೂ ಇಲ್ಲ. ಎಲ್ಲ ಸದ್ದಿನ ಕೊನೆಗೆ, ಯಾರದೋ ಕಂಠದಲ್ಲಿ ಅನ್ನುವ ಹಾಗೆ, ‘ಬೇಗಾ’. ಮತ್ತೆ ಹಾಕಿದೆ. ಅದೇ. ನೆನ್ನೆಯದನ್ನು ಕೊಡು ಎಂದು ಉಗ್ರಾಣವನ್ನು ಕೇಳಿದೆ. ಅದೂ ಅದೇ. ಅವಳು ಸತ್ತ ದಿನ ನಾನು ಅತ್ತಿದ್ದೆ. ಈ ಸಲ ಅಳು ಬರಲಿಲ್ಲ, ಒಲೆ ಹಚ್ಚದೆ ಎದ್ದು ಬಾಗಿಲಿಗೆ ಬಂದೆ.

ಮೇಷ್ಟ್ರು ಹೊಸ ಪಂಚೆ ಉಟ್ಟು ಕಮಾನಿನ ಕೆಳಗೆ ಹೋಗುತ್ತಿದ್ದರು. ‘ಕ್ಷೇಮಾನಾ ಮೇಷ್ಟ್ರೇ?’ ಎಂದು ಕೂಗಿ ಕೇಳಿದೆ. ‘ಕ್ಷೇಮ ಕಣಮ್ಮ, ಎಲ್ಲಾ ಕ್ಷೇಮ’ ಎಂದು ಕೈಯೆತ್ತಿ ಹೋದರು.

ಅವರ ಕ್ಷೇಮ ಹೆಚ್ಚು ದಿನ ಉಳಿಯಲಿಲ್ಲ. ಹಬ್ಬದೂಟದ ಆಲಸ್ಯದಲ್ಲಿ ಜನ ಹಳೆಯ ಫೋಟೋಗಳನ್ನು ತೆರೆದು ನೋಡಿದರು. ಮದುವೆಯ ಫೋಟೋಗಳಲ್ಲಿ ಹುಡುಗನಿದ್ದ, ಹುಡುಗಿಯ ಜಾಗದಲ್ಲಿ ಬೂದಿ ಬಣ್ಣದ ಪಟ್ಟೆಗಳಿದ್ದವು. ಮೇಷ್ಟ್ರ ತಂದೆಯವರು ಮೀಸೆಯಿಂದ ಮೇಲಕ್ಕೆ ಇರಲಿಲ್ಲ. ಅಚ್ಚರಿಯೆಂದರೆ ಕೆಲವು ಏನೂ ಆಗದೆ ಉಳಿದಿದ್ದವು, ಅದೃಷ್ಟ ಅನ್ನಬೇಕು. ಉಳಿದವನ್ನು ಇನ್ನೊಮ್ಮೆ ತೊಳೆಯುವ ಮೊದಲು ಕಾಪಾಡಬೇಕೆಂದು ಮೇಗೇರಿಯೇ ಓಡೋಡಿ ಬಂದು ಸಭೆ ಕರೆಯಿತು. ನಾನು ಕಾಫಿ ಸೋಸಿ ತರುವಷ್ಟರಲ್ಲಿ ಹೆಸರು ನಿಶ್ಚಯವಾಗಿತ್ತು. ರೇವತಿ. ಯಾರೂ ಆಕ್ಷೇಪಿಸಲಿಲ್ಲ. ‘ನಮ್ಮೆಲ್ಲರ ಮಗು ಅದು. ಎರಡೂ ಕೇರಿಗೆ ಸೇರಿದ್ದು’ ಅಂದರು ಮೇಷ್ಟ್ರು, ಕಣ್ಣು ಒದ್ದೆ ಮಾಡಿಕೊಂಡು. ಶುಭ ಅಶುಭ ಯಾರಿಗೂ ನೆನಪಾಗಲಿಲ್ಲ. ಸತ್ತ ಮೇಲೆ ಇನ್ನೊಮ್ಮೆ ಸತ್ತವಳಿಗೆ ಕೊನೆಗೂ ಕೇರಿ ಸಿಕ್ಕಿತು.

ಆಮೇಲೆ ಊರಿನ ಬಾಯಲ್ಲಿ ಅದೇ ಹೆಸರು. ನಲ್ಲಿಯ ಹತ್ತಿರ, ‘ನಿನ್ನ ಸೀಮಂತದ ಫೋಟೋಗೆ ರೇವತಿ ಹಾಕ್ದೇನೇ?’ ಮೊಸರಿನ ಅಂಗಡಿಯಲ್ಲಿ, ‘ರೇವತಿ ಇಲ್ದೆ ಏನೂ ಒಳಗೆ ಬಿಡ್ಬೇಡ ಮಾರಾಯ.’ ಒಂದು ದಿನ ಮೇಗೇರಿಗೆ ಕಾಫಿಪುಡಿ ತರಲು ಹೋದಾಗ ಕಿಟಕಿಯೊಳಗಿಂದ ಅತ್ತೆಯ ಧ್ವನಿ ಕೇಳಿಸಿತು. ಮಗು ಬದುಕಿದ್ದಾಗ ಅದರ ಹೆಸರನ್ನು ಒಮ್ಮೆಯೂ ಆಡದ ಬಾಯಿ. ಮಗನಿಗೆ ಹೇಳುತ್ತಿದ್ದರು, ‘ನಿನ್ನ ಮುಂಜಿ ಫೋಟೋಗೆ ರೇವತಿ ಹೌದು ಅಂತ ಒತ್ತೋ, ಮರೀಬೇಡ.’ ನಾನು ಬಿಸಿಲಿನಲ್ಲಿ ನಿಂತುಬಿಟ್ಟೆ. ಕಾಫಿಪುಡಿ ತರುವುದು ಮರೆತು ವಾಪಸ್ಸು ಬಂದೆ.

ಮಾರನೆಯ ಬೆಳಿಗ್ಗೆ ಸಮಿತಿಯೆಲ್ಲ ಹೂವಿನ ಹಾರ ಹಿಡಿದು ಹೋಟೆಲಿಗೆ ಬಂತು. ಎಲ್ಲಕ್ಕಿಂತ ದೊಡ್ಡ ಗೌರವ ನನ್ನ ಮಗಳ ಧ್ವನಿಗೇ ಆಗಬೇಕಂತೆ. ಅಂಬುಜಾಕ್ಷಿ ನನ್ನ ಕಂಪ್ಯೂಟರಿನ ಮುಂದೆ ಕೂತು, ನನ್ನ ಮುಖ ನೋಡದೆ, ಪರದೆಯನ್ನು ತಿರುಗಿಸಿದಳು. ‘ರೇವತಿ: ಹೌದು, ಬೇಡ.’

‘ಹೌದು ಅಂದ್ರೆ ಏನಾಗ್ತದೆ?’ ಎಂದು ಕೇಳಿದೆ. ‘ಇನ್ಮುಂದೆ ಇದನ್ನ ಯಾರೂ ಏನೂ ಮಾಡಕ್ಕಾಗಲ್ಲಕ್ಕ. ಈಗ ಹೇಗಿದೆಯೋ ಹಾಗೇ ಇರತ್ತೆ, ಯಾವಾಗ್ಲೂ’ ಅಂದಳು. ‘ಒತ್ತಮ್ಮ, ಒತ್ತು’ ಅಂದರು ಮೇಷ್ಟ್ರು. ಹಾರ ಹಿಡಿದವರು ಚಪ್ಪಾಳೆಗೆ ಕೈ ಎತ್ತಿಕೊಂಡರು.

ನಾನು ‘ಬೇಡ’ ಒತ್ತಿದೆ. ಆಮೇಲೆ ಧ್ವನಿಯನ್ನು ಉಗ್ರಾಣದಿಂದ ಹೊರಗೆ ತೆಗೆದೆ. ಅಂಬುಜಾಕ್ಷಿ ತಡೆಯಲಿಲ್ಲ. ಅದು ಮೇಜಿನಿಂದ ಇಳಿಯಿತು, ಹಾರ ಹಿಡಿದವರ ಕಾಲುಗಳ ನಡುವೆ ನುಸುಳಿ ಹೊಸ್ತಿಲು ದಾಟಿತು, ಮೇಗೇರಿಯ ಕಡೆ ತಿರುಗಿತು. ‘ಬೇಗಾ. ಬೇಗಾ. ಬೇಗಾ.’ ಇದು ನನ್ನ ಮಗುವಲ್ಲ, ಇವರೆಲ್ಲ ಸೇರಿ ಮಾಡಿದ್ದು. ಇವರ ಬಾಗಿಲಿಗೇ ಹೋಗಲಿ. ಗುಡಿಸುವುದಿದ್ದರೆ ಇವರೇ ಗುಡಿಸಲಿ.

ಅವತ್ತು ಕೆಳಗೇರಿಯಿಂದ ಒಬ್ಬರೂ ಪೊರಕೆ ಹಿಡಿದು ಬರಲಿಲ್ಲ. ಬೋರವ್ವ ಕಮಾನಿಗೆ ಒರಗಿ ಎಲೆ ಅಡಿಕೆ ಹಾಕಿಕೊಂಡು ಕೂತಳು. ಮೇಷ್ಟ್ರು ಬಂದು ಕೇಳಿದರು, ಬೇಡಿಕೊಂಡರು, ಗದರಿದರು. ‘ಹಬ್ಬ ಕಳೀಲಿ ಸ್ವಾಮಿ’ ಅಂದಳು ಅವಳು. ಹಬ್ಬ ಕಳೆದು ಎಷ್ಟೋ ದಿನವಾಗಿತ್ತು. ಮಧ್ಯಾಹ್ನದ ಹೊತ್ತಿಗೆ ಅದು ಮೇಗೇರಿಯ ಎಲ್ಲ ಮನೆಗಳ ಬಾಗಿಲಿಗೂ ಹೋಗಿತ್ತು.

ನಾನು ಕಾಫಿಪುಡಿಯ ನೆಪ ಮಾಡಿಕೊಂಡು ಹೋದೆ. ಅತ್ತೆ ಸೀರೆ ಎತ್ತಿ ಕಟ್ಟಿಕೊಂಡು ಹೊಸ್ತಿಲಿನಲ್ಲಿ ಮಂಡಿಯೂರಿ ಒದ್ದೆ ಬಟ್ಟೆಯಿಂದ ಒರೆಸುತ್ತಿದ್ದರು. ಒರೆಸಿದ ಜಾಗದಲ್ಲಿ ಒಂದು ಕ್ಷಣ ಅಡಗಿ, ಮತ್ತೆ ಬೀದಿಯಿಂದ ಬರುತ್ತಿತ್ತು. ಹಿಂದೆ ನನ್ನ ಗಂಡ ಕೊಡ ಹಿಡಿದು ನಿಂತಿದ್ದ. ಅತ್ತೆ ತಲೆಯೆತ್ತಿ ನನ್ನನ್ನು ನೋಡಿದರು. ಅವರ ಕೈಯ ಹತ್ತಿರ ಮಗು ‘ಬೇಗಾ, ಬೇಗಾ’ ಅನ್ನುತ್ತಿತ್ತು, ಅವರು ಬಟ್ಟೆ ಹಿಂಡಿ ಬೇಗ ಬೇಗ ಒರೆಸತೊಡಗಿದರು.